ಮಳೆ ಕಟ್ಟಿದ ಸರ್ಕಸ್ಸು

ಕಳೆದ ತಿಂಗಳು ಚಿಕ್ಕಮಗಳೂರಿನಲ್ಲಿ ನೀವಿಬ್ಬರೂ ನನ್ನನ್ನು ಸರ್ಕಸ್ಸಿಗೆ ಕರೆದುಕೊಂಡು ಹೋದಿರಲ್ಲ, ಅಲ್ಲಿ ಆಟ ಶುರುವಾಗುವ ಮೊದಲು ಒಬ್ಬಳು ಹುಡುಗಿ ಅಂಗೈಗೆ ಬಿಳಿ ಪುಡಿ ಹಚ್ಚಿಕೊಂಡು ಎರಡೂ ಕೈ ತಟ್ಟಿದಳು. ಆ ಪುಡಿಯ ವಾಸನೆ ನಾವು ಕೂತಲ್ಲಿಗೂ ಬಂತು. ಸ್ಲೇಟಿನ ಬಳಪ ಅರೆದ ಹಾಗಿರುವ, ಮೂಗಿನ ತುದಿಯಲ್ಲೇ ಒಣಗಿ ನಿಲ್ಲುವ ವಾಸನೆ. "ಅಜ್ಜಿ, ನೀನು ಮೊದಲು ಯಾವಾಗಾದ್ರೂ ಸರ್ಕಸ್ ನೋಡಿದ್ಯಾ?" ಎಂದು ಕೇಳಿದಿರಿ. ನಾನು "ಹೂಂ" ಎಂದೆ, ಅಷ್ಟೆ. ಜನರ ನಡುವೆ ಕೂತು ಮಾತಾಡುವುದು ನನಗೆ ಈಗಲೂ ಬರುವುದಿಲ್ಲ. ನೋಡಿದ್ದೇನೆ ಎಂದರೆ ಸಾಲದು. ಒಂದು ಬೇಸಿಗೆಯಲ್ಲಿ ನಾನು ಸರ್ಕಸ್ಸಿನ ಹುಚ್ಚು ಹತ್ತಿಸಿಕೊಂಡು ಮೂಡಿಗೆರೆ ಬಸ್ಸಿನಲ್ಲಿ ಓಡಾಡಿದವಳು. ಅದನ್ನು ಹೇಳುವುದಕ್ಕಿಂತ ಬರೆಯುವುದು ಸುಲಭ. ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಕುದುರೆಮುಖದಲ್ಲಿ ಗಣಿ ನಿಲ್ಲುತ್ತದಂತೆ ಎಂದು ಬಸ್ಸಿನಲ್ಲೆಲ್ಲ ಮಾತಾಡಿಕೊಳ್ಳುತ್ತಿದ್ದ ಕಾಲ ಅದು. ನಿಮ್ಮ ಅಜ್ಜ ತೀರಿಕೊಂಡು ಎರಡು ವರ್ಷವಾಗಿತ್ತು. ನಿಮ್ಮಮ್ಮ ಹಾಸ್ಟೆಲಿನಲ್ಲಿದ್ದುಕೊಂಡು ಎಸ್ಸೆಸ್ಸೆಲ್ಸಿ ಓದುತ್ತಿದ್ದಳು. ಮನೆಯಲ್ಲಿ ನಾನು ಮತ್ತು ನನ್ನ ಅತ್ತೆ ಇಬ್ಬರೇ. ಊರವರು ಅವರನ್ನು ಪುಟ್ಟಮ್ಮನೋರು ಎನ್ನುತ್ತಿದ್ದರು. ಗಿಡ್ಡ ಆಳು, ಬೆನ್ನು ಸ್ವಲ್ಪ ಬಾಗಿತ್ತು. ನಾಲಿಗೆ ಮಾತ್ರ ಗಿಡದ ರೆಂಬೆ ಸವರುವ ಕವಾತಿನ ಕತ್ತರಿ. ಅವರೂ ಗಂಡನನ್ನು ಕಳೆದುಕೊಂಡವರೇ. ಒಂದೇ ಮನೆಯಲ್ಲಿ ಎರಡು ಬರಿ ಹಣೆ. ಮದುವೆ ಮನೆಗೆ ಹೋದರೆ ನಾನು ಅಡಿಗೆ ಒಲೆಯ ಹತ್ತಿರ ಕೆಲಸ ಹುಡುಕಿಕೊಳ್ಳುತ್ತಿದ್ದೆ, ಅತ್ತೆ ಮಾತ್ರ ಮುಂದಿನ ಕುರ್ಚಿಯಲ್ಲೇ ಹೋಗಿ ಕೂರುತ್ತಿದ್ದರು. ಅವರನ್ನು ಏಳಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಆ ವರ್ಷ ಕಾಫಿ ಕುಯ್ಲು ಬೇಗ ಮುಗಿದಿತ್ತು. ಗಿಡದ ಗೆಣ್ಣುಗೆಣ್ಣಿನಲ್ಲೂ ಮೊಗ್ಗು ಕೂತು ಹೂಮಳೆಗೆ ಕಾಯುತ್ತಿದ್ದವು. ಆ ಒಂದು ಮಳೆ ಹೊತ್ತಿಗೆ ಸರಿಯಾಗಿ ಬಿದ್ದರೆ ವಾರ ಕಳೆಯುವುದರಲ್ಲಿ ತೋಟ ಬೆಳ್ಳಗಾಗುತ್ತದೆ. ಬೀಳದಿದ್ದರೆ ಮೊಗ್ಗು ಕರಟಿ ಹೋಗುತ್ತದೆ, ಮುಂದಿನ ವರ್ಷ ಕುಯ್ಯುವುದಕ್ಕೆ ಏನೂ ಇರುವುದಿಲ್ಲ. ಕೆರೆ, ಮೋಟಾರು, ಸ್ಪ್ರಿಂಕ್ಲರ್ ಇದ್ದ ದೊಡ್ಡ ಎಸ್ಟೇಟಿನವರು ತಾವೇ ಮಳೆ ಮಾಡಿಕೊಂಡರು. ನಮ್ಮಂಥ ಮೂರು ಎಕರೆಯವರು ಆಕಾಶ ನೋಡುತ್ತಿದ್ದೆವು.

ಒಳ್ಳೆಮೆಣಸಿನ ಸ್ಯಾಂಪಲ್ ತೋರಿಸಲು ನಾನು ಮೂಡಿಗೆರೆಯ ಅಂಗಡಿಗೆ ಹೋಗಿದ್ದೆ. ವಾಪಸು ಬರುವ ಬಸ್ಸು ತಪ್ಪಿತು. ಮುಂದಿನದು ಸಂಜೆಗೆ. ಬಿಸಿಲಿಗೆ ನಿಲ್ಲಲಾಗದೆ ಮೈದಾನದ ಕಡೆ ನಡೆದರೆ ಅಲ್ಲೊಂದು ಡೇರೆ. ಹೊರಗೆ ಆನೆಯ ಚಿತ್ರವೂ ಇರಲಿಲ್ಲ, ಹುಲಿಯದೂ ಇರಲಿಲ್ಲ. ಒಂದು ಏಣಿಯ ಚಿತ್ರ ಬರೆದು ಮಧ್ಯಾಹ್ನದ ಆಟ ಎಂದು ಹಾಕಿದ್ದರು. ನೆರಳಾದರೂ ಸಿಗುತ್ತದೆ ಎಂದು ಟಿಕೆಟ್ ತೆಗೆದುಕೊಂಡು ಗ್ಯಾಲರಿಯ ಕೊನೆಯ ಹಲಗೆಯ ಮೇಲೆ ಕೂತೆ.

ನನ್ನ ಮುಂದೆ ಇಬ್ಬರು ಕೂತಿದ್ದರು.

"ಆನೆ ಎಲ್ಲಿ ಮಾರಾಯ?"

"ಪ್ರಾಣಿ ಕುಣಿಸಬಾರ್ದು ಅಂತ ಕಾನೂನು ಬಂದಿದೆ. ಇದು ಹೊಸ ನಮೂನೆ ಸರ್ಕಸ್ಸಂತೆ, ಬರೀ ಮನುಷ್ಯರು."

"ಮನುಷ್ಯರನ್ನ ನೋಡಕ್ಕೆ ದುಡ್ಡು ಕೊಡ್ಬೇಕಾ? ನಮ್ಮನೇಲೇ ಬೇಕಾದಷ್ಟು ಜನ ಇದಾರಲ್ಲ!"

ಒಳಗೆ ನಡೆದದ್ದು ಒಂದು ಮನೆಯ ಕತೆ. ಮಾತೇ ಇಲ್ಲ. ಬೆಳಗಾಗುತ್ತದೆ. ಒಬ್ಬ ಗಂಡಸು ಸ್ಟೀಲ್ ಲೋಟ ತೊಳೆದು ತೊಳೆದು ಮೇಲಕ್ಕೆ ಎಸೆಯುತ್ತಾನೆ, ಒಂದೂ ನೆಲಕ್ಕೆ ಬೀಳುವುದಿಲ್ಲ. ಇಬ್ಬರು ಏಣಿಯನ್ನು ಯಾವುದಕ್ಕೂ ಆನಿಸದೆ ನಿಲ್ಲಿಸಿ, ಅದರ ತುದಿಯಲ್ಲಿ ಕೂತು ಜಗಳವಾಡುತ್ತಾರೆ. ಆಮೇಲೆ ಒಬ್ಬಳು ಹೆಂಗಸು ಬಕೆಟ್ ಹಿಡಿದು ಬರುತ್ತಾಳೆ. ಬಟ್ಟೆ ಹಿಂಡುತ್ತಾಳೆ, ಕೊಡವುತ್ತಾಳೆ, ಒಣಹಾಕಲು ನೋಡಿದರೆ ಹಗ್ಗವಿಲ್ಲ. ಆಗ ಡೇರೆಯ ನೆತ್ತಿಯಿಂದ ಎರಡು ಉದ್ದನೆಯ ಕೆಂಪು ಬಟ್ಟೆಗಳು ಇಳಿದು ಬರುತ್ತವೆ. ಅವಳು ಅವನ್ನು ಕೈಗೆ ಸುತ್ತಿ, ಕಾಲಿಗೆ ಸುತ್ತಿ, ಮೇಲಕ್ಕೆ ಹೋಗುತ್ತಾಳೆ. ನೆತ್ತಿಯಲ್ಲಿ ಸೂರ್ಯನ ಹಾಗೆ ಒಂದು ದೀಪ. ಅಲ್ಲಿ ತಲುಪಿ ತನ್ನನ್ನೇ ಬಟ್ಟೆಯಂತೆ ಒಣಹಾಕಿಕೊಂಡು ತೂಗಾಡುತ್ತಾಳೆ. ಆಮೇಲೆ ಕೈ ಬಿಡುತ್ತಾಳೆ. ಉರುಳಿ ಉರುಳಿ ಬಂದು, ನೆಲಕ್ಕೆ ಇನ್ನು ಮೊಳದಷ್ಟು ಇರುವಾಗ ಬಟ್ಟೆ ಅವಳನ್ನು ಹಿಡಿದುಕೊಳ್ಳುತ್ತದೆ. ಕೆಳಗೆ ಬಲೆ ಇರಲಿಲ್ಲ.

ದಿನಾ ಬಟ್ಟೆ ಒಗೆದು ಒಣಹಾಕುವ ಕೈ ನನ್ನದು. ಆ ಕೆಲಸಕ್ಕೆ ಮೇಲೆ ಅಷ್ಟೊಂದು ಜಾಗವಿದೆ ಎಂದು ನನಗೆ ಗೊತ್ತಿರಲಿಲ್ಲ.

ಅಲ್ಲಿಂದ ನನ್ನ ಹುಚ್ಚು ಶುರುವಾಯಿತು. ಒಂದು ದಿನ ಹಲ್ಲುನೋವು, ಇನ್ನೊಂದು ದಿನ ಗೊಬ್ಬರದ ವಿಚಾರಣೆ, ಮತ್ತೊಂದು ದಿನ ಕನ್ನಡಕದ ಕಡ್ಡಿ ಮುರಿದದ್ದು. ಹೇಗೋ ಮಧ್ಯಾಹ್ನದ ಆಟಕ್ಕೆ ಹೋಗಿ ಅದೇ ಕೊನೆಯ ಹಲಗೆಯ ಮೇಲೆ ಕೂರುತ್ತಿದ್ದೆ. ಅವಳ ಹೆಸರು ವನಜ ಎಂದು ತಿಳಿದುಕೊಂಡೆ. ಕೇರಳದವಳು. ಮೊದಲು ಎಡಗಾಲಿಗೆ ಬಟ್ಟೆ ಸುತ್ತುತ್ತಾಳೆ ಎಂಬುದು ಗೊತ್ತಾಯಿತು, ಇಳಿದ ಮೇಲೆ ಹೆಬ್ಬೆರಳಿನಿಂದ ನೆಲ ಮುಟ್ಟಿ ನೋಡುತ್ತಾಳೆ ಎಂಬುದೂ. ನಮ್ಮ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಏಣಿ ಚಾಚಿ ಮೆಣಸು ಕುಯ್ಯುವವರನ್ನು ವರ್ಷಗಟ್ಟಲೆ ನೋಡಿದವಳು, ಈಗ ಕೆಲಸ ಬಿಟ್ಟು ಅವರ ಕಾಲನ್ನೇ ನೋಡುತ್ತಾ ನಿಲ್ಲತೊಡಗಿದೆ.

"ಕಮಲಿ, ಮೂಡಿಗೆರೆಲಿ ನಿನ್ ಕೆಲ್ಸ ಮುಗಿಯೋದೇ ಇಲ್ವಲ್ಲ," ಎಂದರು ಅತ್ತೆ. "ಎಂತದೇ ಅದು? ಯಾರಾದ್ರೂ ಸಿಕ್ಕಿದ್ರೆ ಹೇಳು, ನಾನೇ ಮುಂದೆ ನಿಂತು ಮಾತಾಡ್ತೀನಿ."

ನನಗೆ ನಾಚಿಕೆಯಾಯಿತು. ಕೊನೆಗೆ "ಸರ್ಕಸ್ಸು" ಎಂದೆ. ಅತ್ತೆ ನನ್ನ ಮುಖವನ್ನೇ ನೋಡಿದರು. ಯಾರೋ ಸಿಕ್ಕಿದ್ದಾರೆ ಎಂದಿದ್ದರೂ ಅವರಿಗೆ ಅಷ್ಟು ಆಶ್ಚರ್ಯವಾಗುತ್ತಿರಲಿಲ್ಲ.

ಅಷ್ಟರಲ್ಲಿ ಆಕಾಶ ಒಂದು ಆಟ ಹೂಡಿತು. ಮಧ್ಯಾಹ್ನ ಆದರೆ ಸಾಕು, ಕಳಸದ ಕಡೆಯಿಂದ ಮೋಡ ಎದ್ದು ಬರುತ್ತಿತ್ತು. ಗುಡುಗುತ್ತಿತ್ತು. ಆಟದ ಬೆಲ್ಲು ಹೊಡೆಯುವ ಹೊತ್ತಿಗೆ ಸರಿಯಾಗಿ ಗಾಳಿ ಬೀಸಿ ಮೋಡವೆಲ್ಲ ಚೆದುರಿ ಹೋಗುತ್ತಿತ್ತು. ದಿನಾ ಹೀಗೇ. ಸ್ಪ್ರಿಂಕ್ಲರ್ ಹಾಕಿದ ಎಸ್ಟೇಟುಗಳಲ್ಲಿ ಹೂ ಬಿಟ್ಟು, ಆ ಪರಿಮಳ ಗಾಳಿಯಲ್ಲಿ ಬಂದು ನಮ್ಮ ಹೊಟ್ಟೆ ಉರಿಸುತ್ತಿತ್ತು.

ನಮ್ಮ ಕಡೆ ಒಂದು ನಂಬಿಕೆ ಇದೆ. ಇಟ್ಟಿಗೆ ಸುಡುವವರು, ಟೆಂಟು ಹಾಕಿ ಆಟ ಆಡುವವರು ತಮ್ಮ ಕೆಲಸ ಕೆಡದಿರಲಿ ಎಂದು ಮಂತ್ರಿಸಿದ ಗಂಟು ಹಾಕಿ ಮಳೆಯನ್ನು ಕಟ್ಟುತ್ತಾರೆ ಎಂದು. ಗಂಟು ಬಿಚ್ಚುವವರೆಗೆ ಮಳೆ ಇಳಿಯುವುದಿಲ್ಲವಂತೆ. ಅತ್ತೆಗೆ ಇದರಲ್ಲಿ ಪೂರ್ತಿ ನಂಬಿಕೆ. "ನಡಿ, ನಿನ್ನ ಸರ್ಕಸ್ಸನ್ನ ನಾನೂ ನೋಡ್ತೀನಿ," ಎಂದು ಸೀರೆ ಬದಲಾಯಿಸಿದರು.

ಆಟದ ಉದ್ದಕ್ಕೂ ಅತ್ತೆ ನನ್ನ ಕೈ ಹಿಡಿದುಕೊಂಡಿದ್ದರು. ವನಜ ಮೇಲಿಂದ ಉರುಳಿದಾಗ "ಅಯ್ಯೋ ಶಿವನೇ!" ಎಂದು ಕೂಗಿಯೇ ಬಿಟ್ಟರು. ಆದರೆ ಅವರ ಕಣ್ಣು ಬೇರೆ ಕಡೆಯೂ ಕೆಲಸ ಮಾಡುತ್ತಿತ್ತು. ಬಸ್ಸು ಹತ್ತಿದವರೇ ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ನೋಡಿದ್ಯಾ? ನಡು ಕಂಬದ ಬುಡದಲ್ಲಿ ಅರಿಶಿನದ ಬಟ್ಟೆ. ಮೈ ತುಂಬಾ ಗಂಟು. ಮಳೆ ಕಟ್ಟಿದಾರೆ ಕಣೆ!" ಆಮೇಲೆ ಸ್ವಲ್ಪ ತಣ್ಣಗಾಗಿ, "ಆ ಹುಡುಗಿ ಮೈಲಿ ಮೂಳೆ ಇದ್ಯೋ ಇಲ್ವೋ, ಪಾಪ," ಎಂದರು. ಎರಡನೆಯ ಮಾತು ಯಾರಿಗೂ ಬೇಕಾಗಿರಲಿಲ್ಲ. ಮೊದಲನೆಯ ಮಾತು ನಾವು ಮನೆ ಮುಟ್ಟುವ ಮೊದಲೇ ಊರು ಮುಟ್ಟಿತ್ತು.

ಮರುದಿನ ಮಧ್ಯಾಹ್ನ ಬೆಳೆಗಾರರ ಒಂದು ಗುಂಪು ಮೈದಾನಕ್ಕೆ ಹೋಯಿತು. ಮುಂದೆ ನಮ್ಮ ಪಕ್ಕದ ತೋಟದ ಹೂವೇಗೌಡರು. ಒಳ್ಳೆಯ ಮನುಷ್ಯ, ಆದರೆ ಆ ತಿಂಗಳು ಯಾರೂ ಒಳ್ಳೆಯವರಾಗಿರಲಿಲ್ಲ. ತಾವು ಹೊತ್ತಿಸಿದ ಬೆಂಕಿ ಎಷ್ಟು ದೂರ ಹೋಯಿತೆಂದು ನೋಡಲು ಅತ್ತೆಯೂ ಹೊರಟರು. ಅವರ ಹಿಂದೆ ನಾನು.

ಡೇರೆಯೊಳಗೆ ಗೌಡರು ಕಂಬದ ಬುಡ ತೋರಿಸಿ, "ಅದನ್ನ ಬಿಚ್ಚಿ. ಬಿಚ್ಚಿದ್ರೆ ನಾವು ಸುಮ್ನೆ ಹೋಗ್ತೀವಿ," ಎಂದರು. ಸರ್ಕಸ್ಸಿನ ಮ್ಯಾನೇಜರು ಕೈ ಮುಗಿದು ಏನೋ ಹೇಳತೊಡಗಿದ. ಅಷ್ಟರಲ್ಲಿ ಹಿಂದಿನ ಪರದೆ ಸರಿಸಿಕೊಂಡು ವನಜ ಬಂದಳು. ಆಟದ ಬಟ್ಟೆಯ ಮೇಲೆ ಟವೆಲ್ ಹೊದ್ದುಕೊಂಡಿದ್ದಳು. ಹತ್ತಿರದಿಂದ ನೋಡಿದರೆ ನನಗಿಂತ ಎಷ್ಟೋ ಚಿಕ್ಕವಳು, ಅಂಗೈ ಮಾತ್ರ ಮಣ್ಣು ಅಗೆಯುವವರ ಹಾಗೆ ಗಟ್ಟಿ.

"ಅದು ಮಳೆಗೆ ಅಲ್ಲ ಸಾರ್," ಎಂದಳು. "ಮೇಲೆ ಹತ್ತೋರು ಎಲ್ಲ ಒಂದೊಂದು ಗಂಟು ಹಾಕ್ತೇವೆ. ಬೀಳಬಾರ್ದು ಅಂತ ಹೇಳಿ ಕಟ್ಟೋದು. ಊರು ಬಿಡುವಾಗ ಬಿಚ್ಚೋದು. ಹಿಂದೆ ಒಂದು ಊರಲ್ಲಿ ಕಂಬ ಸರಿಸುವಾಗ ಯಾರೋ ಬಿಚ್ಚಿದ್ರು. ಅವತ್ತು ನನ್ನ ಜೊತೆಯವಳು ಬಿದ್ಳು. ಈಗ ಅವಳು ನಡೆಯೋದಿಲ್ಲ. ಅದು ಬಿಚ್ಚಿದ್ರೆ ನಾನು ಹತ್ತೋದಿಲ್ಲ ಸಾರ್."

"ನೀನು ಹತ್ತದೆ ಇದ್ರೆ ಒಂದು ಆಟ ಹೋಯ್ತಮ್ಮ," ಎಂದರು ಗೌಡರು. "ನಮ್ಮ ಮೊಗ್ಗು ಕರಟಿದ್ರೆ ವರ್ಷವೇ ಹೋಯ್ತು."

ಯಾರ ಮಾತೂ ಸುಳ್ಳಾಗಿರಲಿಲ್ಲ. ಗುಂಪಿನಲ್ಲಿ ಒಬ್ಬ ಕತ್ತಿ ತೆಗೆದು "ಬಿಚ್ಚೋದೇನು, ಕುಯ್ದರೆ ಆಯ್ತಲ್ಲ" ಎಂದ. ವನಜ ಹೋಗಿ ಕಂಬಕ್ಕೆ ಬೆನ್ನು ಕೊಟ್ಟು ನಿಂತಳು. ಎರಡೂ ಕೈ ಹಿಂದೆ ಚಾಚಿ ಕಂಬವನ್ನು ಬಿಗಿಯಾಗಿ ಹಿಡಿದುಕೊಂಡಳು.

ಅತ್ತೆ ಗುಂಪು ಸೀಳಿಕೊಂಡು ಮುಂದೆ ಬಂದರು. "ಕತ್ತಿ ಒಳಗಿಡೋ. ಗೌಡ್ರೇ, ದೇವರ ಗೂಡಿಗೆ ಸುಣ್ಣ ಹೊಡಿವಾಗ ಮುಡಿಪಿನ ಗಂಟನ್ನ ನಿಮ್ಮನೇಲಿ ಎಲ್ಲಿಡ್ತೀರಿ?"

ಗೌಡರು ತಲೆ ಕೆರೆದುಕೊಂಡರು. "ನೆಲಕ್ಕಿಡಂಗಿಲ್ಲ. ನಮ್ಮನೆಯವಳು ಸೆರಗಿಗೆ ಕಟ್ಕೋತಾಳೆ."

"ಅದೇ ನಾನು ಹೇಳೋದು. ಸೆರಗಿಗೆ ಬಂದ್ರೆ ಬಿಚ್ಚಿದ ಹಂಗಲ್ಲ, ಜಾಗ ಬದಲಾಯ್ಸಿದ ಹಂಗೆ. ಈ ಮಗೀಗೂ ಗಂಟು ಇದ್ದ ಹಂಗಾಯ್ತು, ನಿಮಗೂ ಕಂಬ ಖಾಲಿ ಆಯ್ತು."

"ಸೆರಗಿನ ಗಂಟು ಮಳೆ ಕಟ್ಟಿದ್ರೆ?" ಎಂದ ಕತ್ತಿಯವನು.

"ಹೆಂಗಸ್ರ ಸೆರಗಿನ ಗಂಟು ಮಳೆ ಕಟ್ಟೋ ಹಂಗಿದ್ರೆ, ನಿನ್ ಹೆಂಡ್ತಿ ನಿನ್ನ ಬಾಯಿ ಯಾವಾಗ್ಲೋ ಕಟ್ಟಿರೋಳು!"

ಜನ ನಕ್ಕರು. ಗೌಡರೂ ನಕ್ಕರು. "ಆಗ್ಲಿ. ನಮ್ಮನೆಯವಳನ್ನ ಕರೆಸ್ತೀನಿ. ಇಂಥದ್ದಕ್ಕೆ ಮುತ್ತೈದೆ ಇದ್ರೆ ಒಳ್ಳೇದು."

ವನಜ ಕಂಬ ಬಿಡದೆ ತಲೆ ಅಲ್ಲಾಡಿಸಿದಳು. "ಬೇಡ ಸಾರ್. ಅಲ್ಲಿ ಹಿಂದೆ ನಿಂತಿದಾರಲ್ಲ, ಆ ಅಕ್ಕ." ಅವಳ ಬೆರಳು ನನ್ನ ಕಡೆ ಇತ್ತು. "ನಾನು ಮೇಲೆ ಹತ್ತುವಾಗ ಎಲ್ಲ ಚಪ್ಪಾಳೆ ತಟ್ತಾರೆ. ಆ ಅಕ್ಕ ಮಾತ್ರ ನಾನು ಇಳಿದ ಮೇಲೆ ತಟ್ಟೋದು. ಅವರ ಹತ್ರ ಇರ್ಲಿ."

ಎಲ್ಲರೂ ತಿರುಗಿ ನೋಡಿದರು. ನನ್ನನ್ನು ಯಾರೂ ಕಂಡಿಲ್ಲ ಎಂದುಕೊಂಡೇ ಅಷ್ಟು ದಿನ ಆ ಹಲಗೆಯ ಮೇಲೆ ಕೂತಿದ್ದೆ. ಯಾರೋ ಮೆಲ್ಲಗೆ "ಅವರು... ಅಲ್ಲ, ಅವರಿಗೆ..." ಎಂದು ಅರ್ಧಕ್ಕೆ ನಿಲ್ಲಿಸಿದರು.

"ಏನೋ ಅದು? ಪೂರ್ತಿ ಹೇಳು," ಎಂದರು ಅತ್ತೆ. "ನನ್ನ ಸೊಸೆ ಸೆರಗು ಹರಿದಿದ್ಯಾ?"

ಪೂರ್ತಿ ಹೇಳಿದ್ದು ನನ್ನ ಮನಸ್ಸು. ಈ ಹುಡುಗಿ ನಾಳೆಯೋ ನಾಡಿದ್ದೋ ಬಿದ್ದರೆ ಜನ ಬಟ್ಟೆಯನ್ನು ಬೈಯುವುದಿಲ್ಲ, ಹಗ್ಗವನ್ನು ಬೈಯುವುದಿಲ್ಲ, ಗಂಡ ಸತ್ತವಳ ಸೆರಗು ಎನ್ನುತ್ತಾರೆ. ಜನ ಹೋಗಲಿ, ನಾನೇ ಹಾಗೆಂದುಕೊಳ್ಳುತ್ತೇನೆ. ಬೇಡ ಎನ್ನಬೇಕೆಂದುಕೊಂಡೆ. ವನಜ ಆಗಲೇ ಕೂತು, ಗಂಟುಗಳು ಹಾಗೇ ಇರುವಂತೆ ಬಟ್ಟೆಯನ್ನು ಕಂಬದಿಂದ ಬಿಡಿಸುತ್ತಿದ್ದಳು. ಬಿಡಿಸಿದ್ದನ್ನು ಪುಟ್ಟದಾಗಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಮುಂದೆ ಬಂದು ನಿಂತಳು. ಅವಳ ಕೈ ಖಾಲಿ ಮಾಡದೆ ಬೇರೆ ದಾರಿ ಇರಲಿಲ್ಲ. ಸೆರಗು ಮುಂದೆ ತಂದು, ಆ ಪುಟ್ಟ ಗಂಟನ್ನು ಒಳಗಿಟ್ಟು, ಬಿಗಿಯಾಗಿ ಕಟ್ಟಿಕೊಂಡೆ. ಒಳಗೆ ಏನಿತ್ತೆಂದು ನಾನು ನೋಡಲಿಲ್ಲ.

ಆಮೇಲೆ ನಾನು ಹೋಗದೆ ಆಟ ನಡೆಯುವಂತಿರಲಿಲ್ಲ. ನೆಪ ಹೇಳುವ ಕಷ್ಟ ತಪ್ಪಿತು. ಮನೆಯಲ್ಲಿ ಸೀರೆ ಬದಲಾಯಿಸಿದರೂ ಗಂಟನ್ನು ಅದರಿಂದ ಇದಕ್ಕೆ ದಾಟಿಸಿಕೊಂಡೇ ಇದ್ದೆ. ಅತ್ತೆಯೂ ಬೇಗ ಬೇಗ ದನಕ್ಕೆ ಹುಲ್ಲು ಹಾಕಿ ತಯಾರಾಗುತ್ತಿದ್ದರು. "ನಿನಗೆ ಜೊತೆ ಬೇಡ್ವಾ?" ಎನ್ನುತ್ತಿದ್ದರು. ಲೋಟ ಎಸೆಯುವವನು ಒಂದು ಲೋಟ ಕಡಿಮೆ ಎಸೆದರೂ ಅವರಿಗೆ ತಿಳಿಯುತ್ತಿತ್ತು.

ಆದರೆ ಮಳೆ ಬರಲಿಲ್ಲ. ಆ ದಿನವೂ ಇಲ್ಲ, ಮರುದಿನವೂ ಇಲ್ಲ. ಹೂವೇಗೌಡರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಾಗ ನನ್ನ ಮುಖ ನೋಡಲಿಲ್ಲ, ಸೆರಗು ನೋಡಿದರು.

ಅದಾದ ಮೇಲಿನ ಶನಿವಾರ ಡೇರೆ ತುಂಬಿತ್ತು. ಗಂಟು ನಿಜವಾಗಿ ಕಂಬದಲ್ಲಿಲ್ಲವೇ ಎಂದು ನೋಡಲು ಗೌಡರ ಕಡೆಯವರೆಲ್ಲ ಟಿಕೆಟ್ ತೆಗೆದುಕೊಂಡು ಬಂದಿದ್ದರು. ವನಜ ಬಕೆಟ್ ಹಿಡಿದು ಬಂದಳು, ಬಟ್ಟೆ ಹಿಂಡಿದಳು, ಮೇಲೆ ಹತ್ತಿದಳು. ಅವಳು ನೆತ್ತಿ ಮುಟ್ಟಿ ಕೈ ಬಿಡಬೇಕು, ಆಗ ಡೇರೆಯ ಮೇಲೆ ಯಾರೋ ಹಿಡಿ ಕಲ್ಲು ಎಸೆದಂತಾಯಿತು. ಇನ್ನೊಂದು ಹಿಡಿ. ಆಮೇಲೆ ಒಟ್ಟಿಗೇ ಸುರಿಯಿತು.

"ಮಳೆ!" ಎಂದು ಗೌಡರು ಕೂಗಿದರು. ಗ್ಯಾಲರಿಯೇ ಎದ್ದಿತು. ದೊಡ್ಡ ದೊಡ್ಡ ಗಂಡಸರು ಹಲಗೆಯ ಮೇಲಿಂದ ಹಾರಿ, ಒಬ್ಬರ ಮೇಲೊಬ್ಬರು ಬಿದ್ದುಕೊಂಡು ಹೊರಗೆ ಓಡಿದರು. ಹೊರಗೆ ಶಿಳ್ಳೆ, ಕೂಗಾಟ. ಒಬ್ಬ ಪಂಚೆ ಎತ್ತಿ ಕಟ್ಟಿ ಕುಣಿಯುವುದು ಡೇರೆಯ ಬಾಗಿಲಲ್ಲೇ ಕಾಣುತ್ತಿತ್ತು. ನಮ್ಮ ಮೂರು ಎಕರೆಯೂ ಆ ಮಳೆಯಲ್ಲೇ ನೆನೆಯುತ್ತಿತ್ತು. ನನಗೂ ಏಳಬೇಕೆನಿಸಿತು. ಆದರೆ ವನಜ ಇನ್ನೂ ಮೇಲಿದ್ದಳು.

ಡೇರೆ ಹಳೆಯದು. ನೆತ್ತಿಯಿಂದ ನೀರು ಇಳಿದು ಕೆಂಪು ಬಟ್ಟೆ ಕಪ್ಪಾಗತೊಡಗಿತು. ಒದ್ದೆ ಬಟ್ಟೆ ಜಾರುತ್ತದೆಯೋ ಕಚ್ಚಿಕೊಳ್ಳುತ್ತದೆಯೋ ನನಗೇನು ಗೊತ್ತು? ಮ್ಯಾನೇಜರು ಕೆಳಗಿನಿಂದ ಮಲಯಾಳದಲ್ಲಿ ಏನೋ ಕೂಗುತ್ತಿದ್ದ. ಅವಳು ಒಂದು ಕ್ಷಣ ಕೆಳಗೆ ನೋಡಿದಳು. ಖಾಲಿ ಹಲಗೆಗಳ ಸಾಲು, ಅದರ ಕೊನೆಗೆ ಇಬ್ಬರು ಹೆಂಗಸರು. ನಾನು ಸೆರಗನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಎದ್ದು ನಿಂತೆ. ಯಾವಾಗ ಬಾಯಿ ತೆರೆದೆನೋ ಗೊತ್ತಿಲ್ಲ, ಹುಟ್ಟಿದಂದಿನಿಂದ ಅಷ್ಟು ಜೋರಾಗಿ ಕೂಗಿದವಳಲ್ಲ: "ಇದೆ ವನಜಾ, ಗಂಟು ಇದೆ! ನಿಧಾನ ಇಳಿಯೇ!"

ಅವಳು ಉರುಳಲಿಲ್ಲ. ಒಂದೊಂದೇ ಸುತ್ತು ಬಿಚ್ಚಿಕೊಂಡು, ನೆಂದ ಬಟ್ಟೆಯನ್ನು ಅಂಗಾಲಿನಿಂದ ಒತ್ತಿ ಹಿಡಿದು, ಬಾವಿಗೆ ಇಳಿಯುವವರ ಹಾಗೆ ಇಳಿದಳು. ಹೆಬ್ಬೆರಳು ನೆಲ ಮುಟ್ಟಿತು. ಆಗ ತಟ್ಟಿದೆ ನೋಡಿ ಚಪ್ಪಾಳೆ. ಪಕ್ಕದಲ್ಲಿ ಅತ್ತೆ ಕಣ್ಣು ಒರೆಸಿಕೊಳ್ಳುತ್ತಾ, "ಡೇರೆ ಸೋರ್ತಾ ಇದೆ," ಎಂದರು.

ಒದ್ದೆ ಮೈದಾನದಲ್ಲಿ ಆಟ ಮುಂದುವರಿಸಲು ಆಗಲಿಲ್ಲ. ಎರಡು ದಿನ ಬಟ್ಟೆ ಒಣಗಿಸಿ ಅವರು ಹಾಸನದ ಕಡೆ ಹೊರಟರು. ಗಂಟು ಒಪ್ಪಿಸಲು ಹೋದಾಗ ವನಜ ಅದನ್ನು ಬಿಚ್ಚುತ್ತಾ, "ಮುಂದಿನ ಊರಲ್ಲಿ ಯಾರು ಕೂತ್ಕೊಳ್ತಾರೋ," ಎಂದಳು. ಮನೆಯಿಂದ ತಂದಿದ್ದ ಕಾಫಿಪುಡಿಯ ಪೊಟ್ಟಣವನ್ನು ಕೈಗಿಟ್ಟು ಬಂದೆ. ಆಮೇಲೆ ಇಂಥ ಪ್ರಾಣಿಯಿಲ್ಲದ ಸರ್ಕಸ್ಸು ಹಾಸನಕ್ಕೆ ಬಂದರೂ ಹೋದೆ, ಚಿಕ್ಕಮಗಳೂರಿಗೆ ಬಂದರೂ ಹೋದೆ. ಒಳ್ಳೊಳ್ಳೆಯ ಹುಡುಗಿಯರು ಹತ್ತಿದರು. ವನಜ ಮತ್ತೆ ಸಿಗಲಿಲ್ಲ.

ತೋಟದಲ್ಲಿ ಹೂ ಅರಳಿದ ದಿನ, ಅಂಗಳದಲ್ಲಿ ನಿಂತರೆ ಗಿಡದ ಹಸಿರೇ ಕಾಣುತ್ತಿರಲಿಲ್ಲ. ಜೇನಿನ ಸದ್ದು. ಅತ್ತೆ ಜಗಲಿಯಲ್ಲಿ ಕೂತು, ಈ ಮಳೆ ತಂದದ್ದು ತಾನೇ ಎನ್ನುವ ಹಾಗೆ ತೋಟ ನೋಡುತ್ತಿದ್ದರು. ಆಗ ತಡಿಕೆ ಗೇಟು ತೆಗೆದುಕೊಂಡು ಹೂವೇಗೌಡರ ಹೆಂಡತಿ ಬಂದರು. ಎಷ್ಟೋ ಸಲ ಅವರ ಮನೆಯ ಶುಭಕಾರ್ಯಗಳಲ್ಲಿ ನಾನು ಒಲೆಯ ಮುಂದೆಯೇ ಕೂತು ಎದ್ದು ಬಂದಿದ್ದೆ. ಅವರು ಕಾಫಿ ಕುಡಿದರು, ಹೂವಿನ ಮಾತಾಡಿದರು, ಮಳೆಯ ಮಾತಾಡಿದರು. ಏಳುವ ಹೊತ್ತಿಗೆ ನನ್ನ ಕಡೆ ತಿರುಗಿದರು.

"ಕಮಲಮ್ಮ, ಮಗಳು ಹೆರಿಗೆಗೆ ಬಂದಿದಾಳೆ. ದಿನ ತುಂಬಿದೆ. ಡಾಕ್ಟ್ರು ಸ್ವಲ್ಪ ಕಷ್ಟ ಅಂತ ಹೇಳಿದಾರೆ." ಮುಷ್ಟಿ ಬಿಡಿಸಿದರು. ಅಂಗೈಯಲ್ಲಿ ಅರಿಶಿನದ ಬಟ್ಟೆಯ ಒಂದು ಪುಟ್ಟ ಗಂಟು. "ಮಗು ಕೈಗೆ ಬರೋವರೆಗೂ ಇದು ನಿಮ್ಮ ಸೆರಗಲ್ಲಿರ್ಲಿ."

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ತೋಟದ ಕಡೆಯಿಂದ ಕಣ್ಣು ತೆಗೆಯಲಿಲ್ಲ.

"ನನ್ನನ್ನೇನು ನೋಡ್ತೀಯ?" ಎಂದರು. "ಕೇಳಿದ್ದು ನಿನ್ನನ್ನ."

ಕೈ ಸೀರೆಗೆ ಒರೆಸಿಕೊಂಡು, ಸೆರಗು ಮುಂದೆ ತಂದೆ.